ಇರುವೆಯ ಕಣ್ಣು ಯಾಕೆ ಮಸುಕಾಯಿತು?

ಗೇರು ಮರದ ಎಲೆಯ ಮೇಲೆ ಒಂದು ಚಗಳಿ ಇರುವೆ. ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ನೋಡಿದರೆ ಎಲ್ಲವೂ ಸರಿ. ಕೆಂಪು ಮೈ, ಚಾಚಿದ ಮೀಸೆ, ಹಿಂದೆ ತಂಪು ಹಸಿರು. ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದಾಗ ನಿಜ ಹೊರಬೀಳುತ್ತದೆ: ಮುಂಗಾಲಿನ ರೋಮಗಳನ್ನು ಎಣಿಸಬಹುದು, ಕಣ್ಣು ಮಾತ್ರ ಮಂಜಿನೊಳಗೆ. ಮ್ಯಾಕ್ರೊ, ಅಂದರೆ ತೀರಾ ಹತ್ತಿರದ ಚಿತ್ರ, ತೆಗೆಯಲು ಹೊರಟವರಿಗೆಲ್ಲ ಈ ಸಂಕಟ ಗೊತ್ತು. ಅದರ ಬೆನ್ನಿಗೇ ಗೆಳೆಯರಿಂದ ಬರುವ ಸಲಹೆಯೂ ಗೊತ್ತು: "ನಿನ್ನ ಲೆನ್ಸ್ ಸಾಕಾಗುದಿಲ್ಲ ಮಾರಾಯ, ಒಳ್ಳೇದೊಂದು ತಗೋ."

ಉಡುಪಿ, ಮಣಿಪಾಲದ ಸುತ್ತಮುತ್ತಲಿನ ತೋಟ, ಗುಡ್ಡಗಳಲ್ಲಿ ಮೊಣಕಾಲೂರಿ ಕೂತು ಹಾಳು ಮಾಡಿಕೊಂಡ ಸಾವಿರಾರು ಫೋಟೊಗಳನ್ನು ನೋಡಿ ಹೇಳುತ್ತೇನೆ, ಲೆನ್ಸಿನದೇ ತಪ್ಪು ಅನ್ನುವಂಥವು ಅದರಲ್ಲಿ ತೀರಾ ಕಡಿಮೆ. ಮಸುಕು ಅಂತ ನಾವು ಒಂದೇ ಹೆಸರಿನಲ್ಲಿ ಕರೆಯುವುದರಲ್ಲಿ ನಾಲ್ಕೈದು ಜಾತಿ ಇದೆ. ಜ್ವರ ಅಂದಕೂಡಲೇ ಒಂದೇ ಮಾತ್ರೆ ಕೊಡಲು ಆಗುವುದಿಲ್ಲವಲ್ಲ, ಹಾಗೆ. ಇಲ್ಲಿನ ಕಷ್ಟ ಇನ್ನೂ ಹೆಚ್ಚು, ಯಾಕೆಂದರೆ ಒಂದು ಮಸುಕಿಗೆ ಕೊಟ್ಟ ಮದ್ದೇ ಇನ್ನೊಂದನ್ನು ಹುಟ್ಟಿಸುತ್ತದೆ.

ಹಾಗಾಗಿ ಮೊದಲ ಕೆಲಸ ರೋಗ ಪತ್ತೆ. ಫೋಟೊವನ್ನು ನೂರು ಪರ್ಸೆಂಟಿಗೆ ಹಿಗ್ಗಿಸಿ ಮೂಲೆಮೂಲೆ ನೋಡಿ. ಕಣ್ಣು ಮಸುಕಾಗಿ ಬೇರೆಲ್ಲೋ ಒಂದು ಕಡೆ ಕತ್ತಿಯಲುಗಿನಂತೆ ಚುರುಕಾಗಿದ್ದರೆ ಫೋಕಸ್ ಬಿದ್ದ ಜಾಗ ತಪ್ಪಿದೆ. ಎಲ್ಲೂ ಚುರುಕಿಲ್ಲ, ಹೊಳೆಯುವ ಚುಕ್ಕೆಗಳು ಒಂದೇ ದಿಕ್ಕಿಗೆ ಎಳೆದ ಹಾಗಿವೆ ಅಂದರೆ ಕೈಯೋ ಗಿಡವೋ ಅಲುಗಿದೆ. ದಿಕ್ಕೇ ಇಲ್ಲದೆ ಇಡೀ ಚಿತ್ರ ಒಂದೇ ಸಮ ಮೆತ್ತಗಾಗಿದ್ದರೆ ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಹಾಯುವ ಕಂಡಿಯನ್ನು, ಮಿತಿಮೀರಿ ಕಿರಿದು ಮಾಡಿದ್ದೀರಿ. ಗೆರೆಗಳು ಸರಿ ಇವೆ, ಆದರೆ ಕಪ್ಪು ಕಪ್ಪಾಗಿಲ್ಲ, ಮೇಲೆ ಹಾಲಿನ ಕೆನೆ ಕಟ್ಟಿದಂತಿದೆ ಎಂದಾದರೆ ಗಾಜಿನ ಮೇಲೋ ಒಳಗೋ ಏನೋ ಕೂತಿದೆ. ಕರಾವಳಿಯಲ್ಲಿ ಈ ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ನೀರುದೋಸೆಯಷ್ಟು ತೆಳುವಾದ ಜಗತ್ತು

ಮ್ಯಾಕ್ರೊ ಅಂದರೆ ವಸ್ತು ತನ್ನ ನಿಜವಾದ ಅಳತೆಯಲ್ಲೇ ಸೆನ್ಸರಿನ (ಕ್ಯಾಮೆರಾದೊಳಗೆ ಬಿಂಬ ಹಿಡಿಯುವ ಫಲಕದ) ಮೇಲೆ ಬೀಳುವುದು. 9 ಮಿ.ಮೀ. ಉದ್ದದ ಇರುವೆಯ ಬಿಂಬವೂ 9 ಮಿ.ಮೀ. ಇದನ್ನೇ 1:1 ಅನ್ನುವುದು. ಇಷ್ಟು ಹತ್ತಿರ ಹೋದಾಗ ಫೋಕಸಿನಲ್ಲಿ ನಿಲ್ಲುವ ಆಳ, ಅಂದರೆ ಡೆಪ್ತ್ ಆಫ್ ಫೀಲ್ಡ್, ನಂಬಲಾಗದಷ್ಟು ಕುಸಿಯುತ್ತದೆ. ಎಫ್ ಅಂದರೆ ಅಪರ್ಚರಿನ ಅಳತೆ, ಅಂಕಿ ದೊಡ್ಡದಾದಷ್ಟೂ ಕಂಡಿ ಕಿರಿದು. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 1:1ಕ್ಕೆ ಎಫ್/8 ಇಟ್ಟರೆ ಸಿಗುವುದು ಸುಮಾರು 1 ಮಿ.ಮೀ. ಎಟಿಎಂ ಕಾರ್ಡಿನ ದಪ್ಪ 0.76 ಮಿ.ಮೀ., ಅದಕ್ಕಿಂತ ಚೂರು ಹೆಚ್ಚು ಅಷ್ಟೆ. ಎಫ್/2.8ಕ್ಕೆ ತೆರೆದರೆ ಆ ಕಾರ್ಡಿನ ಅರ್ಧ ದಪ್ಪವೂ ಇಲ್ಲ. ಎಫ್/16ಕ್ಕೆ ಮುಚ್ಚಿದರೆ 2 ಮಿ.ಮೀ. ಹತ್ತಿರ. ಈ ಲೆಕ್ಕವೂ ಉದಾರದ್ದೇ. ಚಿತ್ರವನ್ನು ಪ್ರಿಂಟ್ ಹಾಕಿ ಕೈದೂರದಲ್ಲಿ ಹಿಡಿದು ನೋಡುವವರಿಗಾಗಿ 0.03 ಮಿ.ಮೀ. ಮಸುಕನ್ನು ಕ್ಷಮಿಸುವ ಹಳೆಯ ಅಳತೆ ಅದು. ಪರದೆಯ ಮೇಲೆ ಹಿಗ್ಗಿಸಿ ನೋಡುವ ನಮ್ಮ ಚಾಳಿಗೆ ಆಳ ಇನ್ನೂ ಕಡಿಮೆ ಅನಿಸುತ್ತದೆ.

ಇದನ್ನು ಒಂದು ನೀರುದೋಸೆ ಅಂದುಕೊಳ್ಳಿ. ಲೆನ್ಸಿನ ಮುಂದೆ, ಸೆನ್ಸರಿಗೆ ಸಮಾನಾಂತರವಾಗಿ, ಗಾಳಿಯಲ್ಲಿ ನೆಟ್ಟಗೆ ನಿಂತ ತೆಳು ದೋಸೆ. ಅದರೊಳಗೆ ಬಂದದ್ದೆಲ್ಲ ಚುರುಕು, ಮುಂದೆ ಹಿಂದೆ ಇದ್ದದ್ದೆಲ್ಲ ಮಸುಕು. ದೋಸೆಯನ್ನು ದಪ್ಪ ಮಾಡಲು ಒದ್ದಾಡುವ ಮೊದಲು ವಸ್ತುವನ್ನು ದೋಸೆಯೊಳಗೆ ಮಲಗಿಸಲು ನೋಡಬೇಕು. ರೆಕ್ಕೆ ಮಡಚಿ ಕೂತ ಪುಟ್ಟ ನೀಲಿ ಚಿಟ್ಟೆಯೊಂದಿದೆ, ರೆಕ್ಕೆ 20 ಮಿ.ಮೀ. ಅಗಲ ಅಂತಿಟ್ಟುಕೊಳ್ಳಿ. ಕ್ಯಾಮೆರಾ ಬರೀ 5 ಡಿಗ್ರಿ ವಾಲಿದ್ದರೆ ರೆಕ್ಕೆಯ ಈ ಅಂಚಿಗೂ ಆ ಅಂಚಿಗೂ 1.7 ಮಿ.ಮೀ. ವ್ಯತ್ಯಾಸ ಬಂತು. ಎಫ್/8ರ ದೋಸೆಗೆ ಅದು ಹಿಡಿಸುವುದಿಲ್ಲ. ಬೆಳುವಾಯಿಯ ಚಿಟ್ಟೆ ಪಾರ್ಕಿಗೆ ಹೋದಾಗ ಜನ ಚಿಟ್ಟೆಯ ಹತ್ತಿರ ಹೋಗುವುದರಲ್ಲೇ ಉಸಿರುಗಟ್ಟುತ್ತಾರೆ. ಅದಕ್ಕಿಂತ ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ರೆಕ್ಕೆಯ ಎದುರು ನೇರವಾಗಿ ನಿಂತರೆ ಅರ್ಧ ಕೆಲಸ ಪುಕ್ಕಟೆ ಆಗುತ್ತದೆ. ಇರುವೆ, ಜೇಡಗಳಂಥವನ್ನು ಹೀಗೆ ಮಲಗಿಸಲು ಬರುವುದಿಲ್ಲ. ಅಲ್ಲಿ ಕಣ್ಣು ಸಿಕ್ಕರೆ ಸಾಕು. ಕಾಲು, ಹೊಟ್ಟೆ ಮಸುಕಾದರೂ ನೋಡುವವರು ಸಹಿಸುತ್ತಾರೆ. ಕಣ್ಣು ಹೋದರೆ ಫೋಟೊ ಹೋಯಿತು.

ಈ ದೋಸೆಯ ತಮಾಷೆ ಚೆನ್ನಾಗಿ ಕಾಣುವುದು ಮಳೆಹನಿಯಲ್ಲಿ. ಹುಲ್ಲಿನ ತುದಿಯಲ್ಲಿ ಒಂದು ಹನಿ, ಹಿಂದೆ ಒಂದಡಿ ದೂರದಲ್ಲಿ ಕೆಂಪು ದಾಸವಾಳ, ಹನಿಯೊಳಗೆ ತಲೆಕೆಳಗಾದ ಪುಟಾಣಿ ದಾಸವಾಳ. ಈ ಚಿತ್ರ ತೆಗೆಯಲು ಜುಲೈ ತಿಂಗಳಲ್ಲಿ ನಮ್ಮೂರಲ್ಲಿ ಹತ್ತಾರು ಜನ ಅಂಗಳಕ್ಕೆ ಇಳಿಯುತ್ತಾರೆ. ಬಹಳಷ್ಟು ಜನ ಹನಿಯ ಅಂಚಿಗೆ ಫೋಕಸ್ ಮಾಡಿ, ಒಳಗಿನ ಹೂವು ಯಾಕೆ ಚುರುಕಿಲ್ಲ ಅಂತ ತಲೆ ಕೆರೆದುಕೊಳ್ಳುತ್ತಾರೆ. ಹೂವು ಹನಿಯ ಒಳಗೆ ಇಲ್ಲವೇ ಇಲ್ಲ, ಅದೇ ವಿಷಯ. ದುಂಡಗಿನ ನೀರಹನಿ ಒಂದು ಲೆನ್ಸ್. ಹಿಂದಿನ ಹೂವಿನ ಬಿಂಬವನ್ನು ಅದು ತನ್ನ ಹೊರಗೆ, ನಮ್ಮ ಕಡೆಗೆ, ಗಾಳಿಯಲ್ಲಿ ಮೂಡಿಸುತ್ತದೆ. 2 ಮಿ.ಮೀ. ಹನಿಯಾದರೆ ಬಿಂಬ ಹನಿಯ ಮುಂಬದಿಯಿಂದ ಸುಮಾರು 1 ಮಿ.ಮೀ. ಈಚೆಗೆ ನಿಲ್ಲುತ್ತದೆ. ನಮಗೆ ಕಾಣುವ ಹನಿಯ ಅಂಚು ಇರುವುದು ಅದರ ನಡುವಿನಲ್ಲಿ, ಅಂದರೆ ಮುಂಬದಿಯಿಂದ ಇನ್ನೊಂದು ಮಿ.ಮೀ. ಹಿಂದೆ. ಎರಡರ ನಡುವೆ 2 ಮಿ.ಮೀ. ನಮ್ಮ ಕೈಯಲ್ಲಿರುವ ದೋಸೆ 1 ಮಿ.ಮೀ. ಎರಡನ್ನೂ ಒಂದೇ ಹೊಡೆತಕ್ಕೆ ಹಿಡಿಯಲು ಆಗುವುದಿಲ್ಲ. ಹೂವಿಗೆ ಬೇಕೋ ಅಂಚಿಗೆ ಬೇಕೋ ಆರಿಸಿಕೊಳ್ಳಿ, ಇಲ್ಲವಾದರೆ ಎರಡು ಫೋಟೊ ತೆಗೆದು ಬೆಸೆಯಿರಿ. ನಾನಾದರೆ ಹೂವಿಗೇ ಫೋಕಸ್ ಇಡುತ್ತೇನೆ.

ಹಾಗಾದರೆ ಎಫ್/32ಕ್ಕೆ ಇಟ್ಟುಬಿಡೋಣವೇ?

ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಅಪರ್ಚರ್ ಕಿರಿದಾದರೆ ಆಳ ಹೆಚ್ಚುತ್ತದೆ, ಆದ್ದರಿಂದ ಪೂರ್ತಿ ಕಿರಿದು ಮಾಡು. ಹೀಗೆ ತೆಗೆದ ಚಿತ್ರದಲ್ಲಿ ಇರುವೆಯ ಮೂತಿಯಿಂದ ಬಾಲದವರೆಗೆ ಎಲ್ಲವೂ ಫೋಕಸಿನಲ್ಲಿರುತ್ತದೆ, ಯಾವುದೂ ಚುರುಕಾಗಿ ಇರುವುದಿಲ್ಲ.

ಕಾರಣ ತಿಳಿಯಬೇಕಾದರೆ ಮಲ್ಪೆಯಂಥ ಯಾವುದಾದರೂ ಬಂದರಿನ ತಡೆಗೋಡೆಯ ಹತ್ತಿರ ನಿಂತು ನೋಡಬೇಕು. ಹೊರಗೆ ಸಾಲಾಗಿ ನೇರವಾಗಿ ಬರುವ ಅಲೆ, ಗೋಡೆಗಳ ನಡುವಿನ ಬಾಯಿಯಲ್ಲಿ ಹಾದು ಒಳಗೆ ಬಂದಾಗ ಬೀಸಣಿಗೆಯಂತೆ ಹರಡುತ್ತದೆ. ಬಾಯಿ ಕಿರಿದಾದಷ್ಟೂ ಹರಡುವಿಕೆ ಹೆಚ್ಚು. ಬೆಳಕೂ ಅಲೆಯೇ. ಅಪರ್ಚರಿನ ಕಂಡಿ ಕಿರಿದಾದಷ್ಟೂ ಅದು ಹರಡಿ, ಒಂದು ಚುಕ್ಕೆಯಾಗಿ ಬೀಳಬೇಕಾದದ್ದು ಪುಟ್ಟ ಬಿಲ್ಲೆಯಾಗಿ ಬೀಳುತ್ತದೆ. ಡಿಫ್ರ್ಯಾಕ್ಷನ್ ಅಂದರೆ ಇದು, ಶಾಲೆಯ ಪುಸ್ತಕದ ವಿವರ್ತನೆ. ಎಷ್ಟು ದುಡ್ಡು ಕೊಟ್ಟ ಲೆನ್ಸಾದರೂ ಇದರಿಂದ ಪಾರಾಗುವುದಿಲ್ಲ.

ಹತ್ತಿರದ ಚಿತ್ರಗಳಲ್ಲಿ ಇದರ ಮೇಲೆ ಇನ್ನೊಂದು ಪೆಟ್ಟು ಉಂಟು. 1:1ಕ್ಕೆ ಹೋದಾಗ ಲೆನ್ಸಿನಿಂದ ಬಿಂಬದ ದೂರ ಹೆಚ್ಚುವುದರಿಂದ, ನೀವು ಇಟ್ಟ ಎಫ್ ಸಂಖ್ಯೆ ಹೆಚ್ಚುಕಡಿಮೆ ಎರಡರಷ್ಟಾಗಿ ಕೆಲಸ ಮಾಡುತ್ತದೆ. ಎಫ್/8 ಅಂತ ಇಟ್ಟದ್ದು ಎಫ್/16ರ ಹಾಗೆ, ಎಫ್/16 ಅಂತ ಇಟ್ಟದ್ದು ಎಫ್/32ರ ಹಾಗೆ ವರ್ತಿಸುತ್ತದೆ. ಬೆಳಕೂ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನಿಕಾನ್ ಕ್ಯಾಮೆರಾಗಳು ತಮ್ಮ ಮ್ಯಾಕ್ರೊ ಲೆನ್ಸ್ ಹಾಕಿದಾಗ ಈ ಬದಲಾದ ಸಂಖ್ಯೆಯನ್ನೇ ತೋರಿಸುತ್ತವೆ, ಕ್ಯಾನನ್ ತೋರಿಸುವುದಿಲ್ಲ. ಇಬ್ಬರು ಗೆಳೆಯರು ಅಕ್ಕಪಕ್ಕ ಕೂತು "ನಾನು ಎಫ್/11, ನೀನೆಷ್ಟು?" ಅಂತ ಕೇಳಿಕೊಂಡು ಬೇರೆ ಬೇರೆ ಫಲಿತಾಂಶ ಪಡೆದು ಜಗಳಾಡುವುದಕ್ಕೆ ಒಂದು ಕಾರಣ ಇದೇ.

ಅಂಕಿಯಲ್ಲಿ ಹೇಳುವುದಾದರೆ, 1:1ರಲ್ಲಿ ಎಫ್/8 ಇಟ್ಟಾಗ ಆ ಬೆಳಕಿನ ಬಿಲ್ಲೆಯ ಅಗಲ ಸುಮಾರು 0.021 ಮಿ.ಮೀ., ಎಫ್/11ಕ್ಕೆ 0.03, ಎಫ್/16ಕ್ಕೆ 0.043. ಕ್ಷಮಿಸುತ್ತೇವೆ ಅಂದ 0.03ರ ಗಡಿ ಎಫ್/11ಕ್ಕೇ ಮುಗಿಯಿತು. ಅದರಾಚೆಗೆ ದೋಸೆ ದಪ್ಪವಾಗುತ್ತದೆ ನಿಜ, ಆದರೆ ಒಳಗೂ ಹೊರಗೂ ಒಂದೇ ಮೆತ್ತಗೆ. ಹಾಗಾಗಿ ನನ್ನ ರೂಢಿ ಇದು: 1:1ರಲ್ಲಿ ಎಫ್/8ರಿಂದ ಎಫ್/11, ಅರ್ಧ ಅಳತೆಯ ಚಿತ್ರಗಳಿಗೆ ಬೇಕಾದರೆ ಎಫ್/16, ಎರಡು ಪಟ್ಟು ಹಿಗ್ಗಿಸುವಾಗ ಎಫ್/5.6. ಹೆಚ್ಚು ಹತ್ತಿರ ಹೋದಷ್ಟೂ ಹೆಚ್ಚು ಮುಚ್ಚಬೇಕು ಅಂತ ಮನಸ್ಸು ಹೇಳುತ್ತದೆ, ಲೆಕ್ಕ ಅದಕ್ಕೆ ಉಲ್ಟಾ.

ಇನ್ನೂ ಆಳ ಬೇಕೆಂದರೆ ಉಳಿದ ದಾರಿ ಸ್ಟ್ಯಾಕಿಂಗ್. ಎಫ್/5.6ರಲ್ಲೇ ಇಟ್ಟು, ಫೋಕಸನ್ನು ಚೂರುಚೂರೇ ಹಿಂದಕ್ಕೆ ಸರಿಸುತ್ತ ಹಲವು ಫೋಟೊ ತೆಗೆದು, ಪ್ರತಿಯೊಂದರ ಚುರುಕು ಭಾಗವನ್ನು ಕಂಪ್ಯೂಟರಿನಲ್ಲಿ ಬೆಸೆಯುವುದು. ಹೆಲಿಕಾನ್ ಫೋಕಸ್, ಝೆರೀನ್ ಸ್ಟ್ಯಾಕರ್ ಇದಕ್ಕೆಂದೇ ಇರುವ ಸಾಫ್ಟ್‌ವೇರ್‌ಗಳು, ಫೋಟೊಶಾಪಿನಲ್ಲೂ ಆಗುತ್ತದೆ. ಇತ್ತೀಚಿನ ಹಲವು ಕ್ಯಾಮೆರಾಗಳು ಫೋಕಸ್ ಸರಿಸುವ ಕೆಲಸವನ್ನು ತಾವೇ ಮಾಡುತ್ತವೆ. ಹೆಜ್ಜೆ ಮಾತ್ರ ಆಳಕ್ಕಿಂತ ಸಣ್ಣದಿರಬೇಕು, ಒಂದರ ಮೇಲೊಂದು ಹೆಂಚಿನಂತೆ ಕೂರಬೇಕು. ಎಫ್/5.6ರಲ್ಲಿ ಆಳ 0.65 ಮಿ.ಮೀ. ಆಸುಪಾಸು, ಹೆಜ್ಜೆ 0.4 ಇಟ್ಟರೆ 8 ಮಿ.ಮೀ. ಹುಳಕ್ಕೆ 20 ಫೋಟೊ. ಅಷ್ಟು ಹೊತ್ತು ಚಗಳಿ ಇರುವೆ ನಿಂತುಕೊಂಡೀತೇ! ಬೆಳಗಿನ ಇಬ್ಬನಿಯಲ್ಲಿ ತೊಯ್ದು ಮರಗಟ್ಟಿ ಕೂತ ಏರೋಪ್ಲೇನ್ ಚಿಟ್ಟೆ ನಿಲ್ಲುತ್ತದೆ, ಅಣಬೆ ನಿಲ್ಲುತ್ತದೆ, ಚಿಪ್ಪು ನಿಲ್ಲುತ್ತದೆ. ಕೆಲವರು ಹುಳಗಳನ್ನು ಫ್ರಿಡ್ಜಿನಲ್ಲಿಟ್ಟು ಜಡ ಮಾಡಿ ತೆಗೆಯುತ್ತಾರೆ. ಆ ಫೋಟೊಗಳಲ್ಲಿ ಹುಳದ ಕಾಲು ನಿಲ್ಲುವ ರೀತಿಯೇ ಬೇರೆ ಇರುತ್ತದೆ, ನೋಡಿ ಪಳಗಿದವರಿಗೆ ಗೊತ್ತಾಗುತ್ತದೆ. ನನಗೆ ಅದು ಸೇರುವುದಿಲ್ಲ.

ಅಲುಗಾಟ

24 ಮೆಗಾಪಿಕ್ಸೆಲಿನ ಸಾಮಾನ್ಯ ಎಪಿಎಸ್-ಸಿ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ 0.004 ಮಿ.ಮೀ. ಅಗಲ. 1:1ರಲ್ಲಿ ಎಲೆ 0.1 ಮಿ.ಮೀ. ಅಲುಗಿದರೂ ಬಿಂಬ 25 ಪಿಕ್ಸೆಲ್ ಸರಿಯುತ್ತದೆ. ಕೂದಲೆಳೆಯಷ್ಟು ಅನ್ನುತ್ತೇವಲ್ಲ, ಅಕ್ಷರಶಃ ಅಷ್ಟೇ. ದೂರದ ದೃಶ್ಯಕ್ಕೆ ಕೆಲಸಕ್ಕೆ ಬರುವ "100 ಎಂಎಂ ಲೆನ್ಸಿಗೆ 1/100 ಸೆಕೆಂಡ್ ಸಾಕು" ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕ್ಯಾಮೆರಾದೊಳಗಿನ ಸ್ಟೆಬಿಲೈಸರ್ ಕೈ ಓಲಾಡುವುದನ್ನು ಒಂದಷ್ಟು ತಡೆಯುತ್ತದೆ. ದೇಹ ಮುಂದಕ್ಕೆ ಹಿಂದಕ್ಕೆ ತೂಗುವುದನ್ನು ತಡೆಯುವುದಿಲ್ಲ. ಹತ್ತಿರದಲ್ಲಿ ಹೆಚ್ಚು ಕಾಡುವುದು ಈ ಎರಡನೆಯದೇ, ಉಸಿರಾಡಿದರೂ ದೋಸೆ ಇರುವೆಯನ್ನು ದಾಟಿ ಹೋಗಿರುತ್ತದೆ.

ಅದಕ್ಕೇ ಆಟೋಫೋಕಸ್ ಬಿಟ್ಟುಬಿಡಿ. ಎಷ್ಟು ದೊಡ್ಡದು ಬೇಕೋ ಅಷ್ಟಕ್ಕೆ ಫೋಕಸ್ ರಿಂಗನ್ನು ಮೊದಲೇ ಇಟ್ಟು, ಆಮೇಲೆ ಅದನ್ನು ಮುಟ್ಟದೆ, ಮೈಯನ್ನೇ ನಿಧಾನಕ್ಕೆ ಮುಂದೆ ವಾಲಿಸಿ ಕಣ್ಣು ಚುರುಕಾದ ಗಳಿಗೆಗೆ ನಾಲ್ಕೈದು ಹೊಡೆಯಿರಿ. ಇನ್ನೊಂದು ಉಪಾಯ ನನಗೆ ಟ್ರೈಪಾಡಿಗಿಂತ ಹೆಚ್ಚು ಕೆಲಸಕ್ಕೆ ಬಂದಿದೆ. ಹುಳ ಕೂತ ಕಡ್ಡಿಯನ್ನು ಎಡಗೈಯ ಎರಡು ಬೆರಳಲ್ಲಿ ಹಿಡಿದು, ಅದೇ ಎಡಗೈಯ ಮೇಲೆ ಲೆನ್ಸನ್ನು ಊರಿ. ಈಗ ಗಾಳಿ ಬಂದರೂ ಕೈ ನಡುಗಿದರೂ ಎರಡೂ ಒಟ್ಟಿಗೇ ಅಲುಗುತ್ತವೆ, ನಡುವಿನ ದೂರ ಬದಲಾಗುವುದಿಲ್ಲ. ಚಗಳಿ ಇರುವೆಯ ಗೂಡಿರುವ ಗೇರಿನ ಕೊಂಬೆಗೆ ಮಾತ್ರ ಈ ಪ್ರಯೋಗ ಮಾಡಬೇಡಿ. ಯಾಕೆ ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ.

ಗಾಳಿಯ ಮಟ್ಟಿಗೆ ಕಡಲ ಪಕ್ಕದವರಿಗೆ ಒಂದು ವೇಳಾಪಟ್ಟಿಯೇ ಇದೆ. ಬಿಸಿಲೇರಿ ನೆಲ ಕಾದಾಗ ಕಡಲಿನಿಂದ ಗಾಳಿ ಎಳೆದುಕೊಳ್ಳುತ್ತದೆ, ಮಳೆಯಿಲ್ಲದ ತಿಂಗಳುಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಹುಲ್ಲು ನಿಲ್ಲುವುದೇ ಇಲ್ಲ. ಸೂರ್ಯ ಹುಟ್ಟಿದ ಮೇಲಿನ ಎರಡು ಗಂಟೆ ಚಿನ್ನ.

ಬೆಳಕೇ ಶಟರ್

ಮಳೆಗಾಲದ ಅಡಿಕೆ ತೋಟದೊಳಗೆ 1:1, ಎಫ್/11, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 400 ಇಟ್ಟು ನೋಡಿ. ಶಟರ್ ವೇಗ, ಅಂದರೆ ಬೆಳಕಿಗೆ ಬಾಗಿಲು ತೆರೆದು ಮುಚ್ಚುವ ವೇಗ, ಸೆಕೆಂಡಿನ ಮೂರನೇ ಒಂದು ಭಾಗಕ್ಕೆ ಇಳಿದುಬಿಡುತ್ತದೆ. ಐಎಸ್‌ಒ ಏರಿಸುತ್ತಾ ಹೋದರೆ ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ. ಇಲ್ಲಿಂದ ಹೊರಬರುವ ಬಾಗಿಲು ಫ್ಲ್ಯಾಶ್. ಫ್ಲ್ಯಾಶನ್ನು ಕತ್ತಲೆಗೆ ದೀಪ ಅಂತ ನೋಡುವವರೇ ಹೆಚ್ಚು, ಮ್ಯಾಕ್ರೊದಲ್ಲಿ ಅದು ಶಟರ್. ಕ್ಯಾಮೆರಾದ ಮೇಲೆ ಕೂರುವ ಫ್ಲ್ಯಾಶ್ ಪೂರ್ತಿ ಶಕ್ತಿಯಲ್ಲಿ ಉರಿದರೆ ಅದರ ಮಿಂಚು ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸು. ಶಕ್ತಿಯನ್ನು 1/32ಕ್ಕೆ ಇಳಿಸಿದರೆ ಹತ್ತು ಸಾವಿರದ ಒಂದು ಭಾಗಕ್ಕಿಂತಲೂ ಚಿಕ್ಕದು. ಶಟರ್ 1/200, ಐಎಸ್‌ಒ 200 ಇಟ್ಟು ಸುತ್ತಲಿನ ಬೆಳಕು ದಾಖಲಾಗದಂತೆ ಮಾಡಿದರೆ, ಚಿತ್ರ ಮೂಡುವುದು ಆ ಮಿಂಚಿನಷ್ಟು ಹೊತ್ತು ಮಾತ್ರ. ಅಷ್ಟರಲ್ಲಿ ಗಾಳಿಯೂ ಕೈಯೂ ಏನು ಮಾಡಿಯಾವು? ಫ್ಲ್ಯಾಶ್ ಹುಳಕ್ಕೆ ಒಂದು ಗೇಣು ದೂರದಲ್ಲೇ ಇರುವುದರಿಂದ ಕಡಿಮೆ ಶಕ್ತಿ ಸಾಕಾಗುತ್ತದೆ.

ಬರೀ ಫ್ಲ್ಯಾಶ್ ಹೊಡೆದರೆ ಜೀರುಂಡೆಯ ಬೆನ್ನ ಮೇಲೆ ಸುಣ್ಣದ ಬೊಟ್ಟಿಟ್ಟ ಹಾಗೆ ಬಿಳಿ ಕಲೆ ಬೀಳುತ್ತದೆ. ಹೊಳೆಯುವ ಮೈ ಅಂದರೆ ಕನ್ನಡಿ, ಅದರಲ್ಲಿ ಕಾಣುವುದು ದೀಪದ ಆಕಾರವೇ. ಆ ಬಿಳಿ ಕಲೆಯೊಳಗೆ ಮೈಯ ಗೆರೆಗಳೆಲ್ಲ ಮುಳುಗಿಹೋಗುತ್ತವೆ, ಫೋಕಸ್ ಎಷ್ಟೇ ಸರಿಯಿದ್ದರೂ ಚಿತ್ರ ಒರಟಾಗಿ ಕಾಣುತ್ತದೆ. ಮಂಗಳೂರಿನಲ್ಲೇ ಪತ್ತೆಯಾಗಿ, ಊರಿನ ಕೊಡಿಯಾಲ ಎಂಬ ಹೆಸರನ್ನೇ ಹೊತ್ತು 2018ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಮೈಕ್ರೊಹೈಲಾ ಕೊಡಿಯಾಲ್ ಎಂಬ ಪುಟ್ಟ ಕಪ್ಪೆಯಂಥ ಒದ್ದೆ ಮೈಯ ಜೀವಿಗಳಿಗಂತೂ ನೇರ ಫ್ಲ್ಯಾಶ್ ಹೊಡೆದರೆ ಮೈತುಂಬ ಬಿಳಿ ಚುಕ್ಕೆ. ದೀಪವನ್ನು ಹುಳಕ್ಕಿಂತ ಹತ್ತಾರು ಪಟ್ಟು ದೊಡ್ಡದು ಮಾಡುವುದೇ ಮದ್ದು, ಅಂದರೆ ಡಿಫ್ಯೂಸರ್. ನನ್ನದು ಬೇಕರಿಯ ಕೇಕ್ ಡಬ್ಬದ ರಟ್ಟು, ಒಳಗೆ ಅಲ್ಯೂಮಿನಿಯಂ ಹಾಳೆ, ಮುಂದೆ ಎರಡು ಪದರ ಬಟರ್ ಪೇಪರ್. ಪದರಗಳ ನಡುವೆ ಎರಡು ಬೆರಳು ಜಾಗ ಬಿಟ್ಟಿದ್ದೇನೆ, ಒಂದಕ್ಕೊಂದು ಅಂಟಿಸಿದರೆ ಬೆಳಕು ಹರಡುವುದಿಲ್ಲ. ಹಿನ್ನೆಲೆ ಕಪ್ಪಾಗುತ್ತದೆ ಅನ್ನುವವರು ಹುಳದ ಹಿಂದೆ ಒಂದು ಗೇಣು ದೂರದಲ್ಲಿ ಒಂದು ಎಲೆ ಹಿಡಿಯಿರಿ.

ಬಿಳಿ ಹೂವಿನದು ಬೇರೆಯೇ ತೊಂದರೆ. ಶಂಕರಪುರದ ಮಲ್ಲಿಗೆ ತೋಟವೊಂದರಲ್ಲಿ ಬೆಳಿಗ್ಗೆ ಮೊಗ್ಗು ಕೊಯ್ಯುವ ಹೊತ್ತಿಗೆ ಹೋಗಿ ಗಂಟೆಗಟ್ಟಲೆ ತೆಗೆದಿದ್ದೆ. "ಎಂತ ಉಂಟು ಅದ್ರಲ್ಲಿ ಅಷ್ಟು ಹೊತ್ತು ತೆಗೀಲಿಕ್ಕೆ?" ಅಂತ ಮನೆಯ ಅಮ್ಮ ಕೇಳಿದರು. ತೋರಿಸಿದೆ. ಅವರು ಪರದೆ ನೋಡಿ, "ಇದು ಮೊಗ್ಗಾ? ಸಾಬಕ್ಕಿ ಹಾಗೆ ಕಾಣ್ತದೆ" ಅಂದರು. ಸರಿಯಾಗಿಯೇ ಹೇಳಿದ್ದರು. ಬೆಳಕು ಹೆಚ್ಚಾಗಿ ಎಸಳಿನ ಬಿಳುಪೆಲ್ಲ ಒಂದೇ ಬಿಳಿಯಾಗಿ ಕರಗಿಹೋಗಿತ್ತು. ಫೋಕಸ್ ಪಕ್ಕಾ ಇತ್ತು, ಆದರೆ ಫೋಕಸಿಗೆ ಹಿಡಿದುಕೊಳ್ಳಲು ಒಂದು ನೆರಿಗೆಯೂ ಉಳಿದಿರಲಿಲ್ಲ. ಆಮೇಲೆ ಬೆಳಕು ಇಳಿಸಿ, ಫ್ಲ್ಯಾಶನ್ನು ಪಕ್ಕಕ್ಕೆ ಸರಿಸಿ ತೆಗೆದಾಗ ಎಸಳಿನ ನರಗಳು ಎದ್ದವು, ಜೊತೆಗೆ ಮೊಗ್ಗಿನ ಬುಡದಲ್ಲಿ ಸೂಜಿಮೊನೆಯಷ್ಟು ತೂತೂ ಕಂಡಿತು. "ಹುಳ ಬಿದ್ದಿದೆ" ಅಂದವರೇ ಆ ಗಿಡವನ್ನು ನೋಡಲು ಹೋದರು, ನನ್ನ ಫೋಟೊ ಅಲ್ಲೇ ಉಳಿಯಿತು.

ಸಾಮಾನು, ಮತ್ತು ಬೂಷ್ಟು

ಸಾಮಾನಿನ ವಿಷಯ ಚುಟುಕಾಗಿ. ಇರುವ ಲೆನ್ಸಿನ ಹಿಂದೆ ಎಕ್ಸ್‌ಟೆನ್ಷನ್ ಟ್ಯೂಬ್ ಹಾಕಬಹುದು. 50 ಎಂಎಂ ಲೆನ್ಸಿಗೆ 25 ಎಂಎಂ ಟ್ಯೂಬ್ ಸೇರಿಸಿದರೆ ಅರ್ಧ ಅಳತೆ ಸಿಗುತ್ತದೆ, ಗಾಜಿಲ್ಲದ ಕೊಳವೆಯಾದ್ದರಿಂದ ತನ್ನದೇ ಮಸುಕು ಸೇರಿಸುವುದಿಲ್ಲ. ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್ ಇದ್ದವರಿಗೆ ರೇನಾಕ್ಸ್ ಡಿಸಿಆರ್-250ರಂಥ ಮುಂದೆ ಸಿಕ್ಕಿಸುವ ಗಾಜು ಒಳ್ಳೆಯದು. ಸಂತೆಯ ದರದಲ್ಲಿ ಸಿಗುವ ಒಂಟಿ ಗಾಜಿನ ಕ್ಲೋಸಪ್ ಫಿಲ್ಟರುಗಳು ಅಂಚಿನಲ್ಲಿ ನೇರಳೆ ಬಣ್ಣ ಬಿಡುತ್ತವೆ, ಬೇಡ. ಮೊಬೈಲಿನಲ್ಲಿ 2 ಮೆಗಾಪಿಕ್ಸೆಲಿನ "ಮ್ಯಾಕ್ರೊ ಕ್ಯಾಮೆರಾ" ಇದ್ದರೆ ಅದನ್ನು ಮರೆತು, ಮುಖ್ಯ ಕ್ಯಾಮೆರಾದಲ್ಲೇ ಸ್ವಲ್ಪ ದೂರದಿಂದ ತೆಗೆದು ಕತ್ತರಿಸುವುದು ಎಷ್ಟೋ ವಾಸಿ.

ಕೊನೆಯದು, ಕೆನೆ ಕಟ್ಟಿದಂಥ ಮಸುಕು. ಎರಡು ಮಳೆಗಾಲ ನನ್ನ 100 ಎಂಎಂ ಲೆನ್ಸ್ ಚರ್ಮದ ಚೀಲದೊಳಗೆ ಬೀರುವಿನಲ್ಲಿ ಕೂತಿತ್ತು. ಆಮೇಲೆ ಎದುರು ಬಿಸಿಲಿಗೆ ಹಿಡಿದು ತೆಗೆದದ್ದೆಲ್ಲ ಬೆಳ್ಳಗೆ. ಸೆಟ್ಟಿಂಗ್ ಬದಲಿಸಿದೆ, ಫಿಲ್ಟರ್ ಬಿಚ್ಚಿದೆ, ಕ್ಯಾಮೆರಾವನ್ನು ಬೈದೆ. ಒಂದು ರಾತ್ರಿ ಅಪರ್ಚರ್ ಪೂರ್ತಿ ತೆರೆದು ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ನೋಡಿದರೆ, ಒಳಗಿನ ಗಾಜಿನಲ್ಲಿ ಜೇಡರ ಬಲೆಯಂತೆ ಕವಲೊಡೆದ ಬೂಷ್ಟು. ಅದು ಚಿತ್ರದಲ್ಲಿ ಎಳೆಯಾಗಿ ಕಾಣುವುದಿಲ್ಲ, ಬೆಳಕನ್ನು ಚೆದುರಿಸಿ ಕಪ್ಪನ್ನು ಬೂದಿ ಮಾಡುತ್ತದೆ. ಹಾಗೇ ಬಿಟ್ಟರೆ ಅದರಿಂದ ಸ್ರವಿಸುವ ಆಮ್ಲ ಗಾಜಿನ ಲೇಪವನ್ನೇ ತಿನ್ನುತ್ತದೆ. ರಿಪೇರಿಯವರು ತೊಳೆದುಕೊಟ್ಟರು, ಲೇಪದ ಮೇಲೆ ಒಂದು ಕಲೆ ಉಳಿಯಿತು.

ಚರ್ಮ, ಬಟ್ಟೆಯ ಚೀಲ ತೇವ ಹಿಡಿದಿಡುತ್ತವೆ, ಮಳೆಗಾಲದಲ್ಲಿ ಲೆನ್ಸನ್ನು ಅದರಿಂದ ಹೊರಗಿಡಿ. ತೇವಾಂಶ 40ರಿಂದ 50 ಪರ್ಸೆಂಟಿನಲ್ಲಿ ನಿಲ್ಲಿಸುವ ಡ್ರೈ ಕ್ಯಾಬಿನೆಟ್ ಇದ್ದರೆ ನಿಶ್ಚಿಂತೆ. ಇಲ್ಲವಾದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಜೊತೆಗೊಂದು ಚಿಕ್ಕ ತೇವಾಂಶ ಮಾಪಕ. ಅಕ್ಕಿ ತುಂಬಿಸಬೇಡಿ, ಅದರ ಹಿಟ್ಟು ಲೆನ್ಸಿನ ಸಂದಿಗೆ ಹೋಗುತ್ತದೆ. ಎಸಿ ಕೋಣೆಯಿಂದ ನೇರ ಅಂಗಳಕ್ಕೆ ತಂದರೆ ಗಾಜಿನ ಮೇಲೆ ಹಬೆ ಕೂರುತ್ತದೆ, ಮುಚ್ಚಿದ ಬ್ಯಾಗಿನಲ್ಲೇ ಅರ್ಧ ಗಂಟೆ ಹೊರಗಿಟ್ಟು ಆಮೇಲೆ ತೆಗೆಯಿರಿ. ನೀಲಿ ಸಿಲಿಕಾ ಗುಲಾಬಿ ಬಣ್ಣಕ್ಕೆ ತಿರುಗಿತೆಂದರೆ ಅದರ ಹೊಟ್ಟೆ ತುಂಬಿದೆ ಅಂತ ಅರ್ಥ, ಬಿಸಿ ಮಾಡಿ ನೀರು ಹೋಗಿಸಿದರೆ ಮತ್ತೆ ನೀಲಿ. ನಮ್ಮ ಮನೆಯ ಡಬ್ಬದಲ್ಲಿ ಜನವರಿಯಲ್ಲಿ ಎರಡು ತಿಂಗಳು ನೀಲಿಯಾಗೇ ಇರುವುದು, ಜುಲೈಯಲ್ಲಿ ಹತ್ತೇ ದಿನಕ್ಕೆ ಗುಲಾಬಿ.